ರಸೀದಿ

ಓಡೆಲ್ ರಸೀದಿಯನ್ನು ಎರಡು ಬೆರಳ ನಡುವೆ ಹಿಡಿದು ನಡೆಯುತ್ತಾನೆ,
ಜ್ವರದ ಮಗುವಿನ ಬಾಯಿಂದ ತೆಗೆದ ಥರ್ಮಾಮೀಟರನ್ನು
ಬೆಳಕಿಗೆ ಹಿಡಿಯುತ್ತೇವಲ್ಲ, ಹಾಗೆ.
ಕಾರಿನ ಬಾಗಿಲು ಹಾಕಿಕೊಂಡ ಮೇಲಷ್ಟೇ ಅದು ಜೇಬಿಗೆ.

ಇಪ್ಪತ್ತೆರಡು ವರ್ಷ ಸೇಂಟ್ ಲೂಯಿಸಿನಲ್ಲಿ
ಒಂದೇ ಡಿಪೋದ ಬಸ್ಸು ಓಡಿಸಿದವರು ನಾವು.
ಅವನದು ಬೆಳಗಿನ ಪಾಳಿ, ನನ್ನದು ಸಂಜೆಯದು;
ಒಂದೇ ಸೀಟು,
ಕಪ್ಪು ಬೆನ್ನಿನ ಬಿಸಿ ಆರುವ ಮುನ್ನ ಬಿಳಿ ಬೆನ್ನು.
ಆ ರಸೀದಿ ನನ್ನ ಕಣ್ಣಿಗೆ ಬಿದ್ದದ್ದು
ನಿವೃತ್ತಿಯಾದ ನಾಲ್ಕನೇ ವರ್ಷ, ಮಾರ್ಚ್ ತಿಂಗಳ ಒಂದು ಶನಿವಾರ.

ಅವನ ಹಿತ್ತಲ ಷೆಡ್ಡಿನಿಂದ
ಹುಲ್ಲು ಕತ್ತರಿಸುವ ಯಂತ್ರವನ್ನು ಯಾರೋ ಹೊತ್ತುಕೊಂಡು ಹೋಗಿದ್ದರು.
ಬೀಗ ತರಲು ಹೊರಟೆವು.
ಬಣ್ಣದ ಡಬ್ಬಿ ಎರಡು, ಒಂದು ಬ್ರಷ್ಷು, ತಿರುಪು ಮೊಳೆಯ ಪೊಟ್ಟಣ.
ನನ್ನ ಕೈ ತುಂಬಿತ್ತು,
ಹಿತ್ತಾಳೆ ಬೀಗವನ್ನು ಕೋಟಿನ ಜೇಬಿಗೆ ಇಳಿಬಿಟ್ಟೆ.
ಮಾತು ಅವನ ಮಗಳ ಮಂಡಿ ಆಪರೇಷನ್ನಿನ ಕಡೆ ಹೊರಳಿತು.
ದುಡ್ಡು ಅವನು ಕೊಟ್ಟ. ನಾನು ಮರೆತೆ.

ಬಾಗಿಲಲ್ಲಿ ಕಂಬಗಳು ಕೂಗಿಕೊಂಡವು.
ಕಾವಲಿನ ಹುಡುಗ, ಈಗಷ್ಟೇ ಮೀಸೆ ಮೂಡಿದವನು,
ನನ್ನನ್ನು ನೋಡಿ ನಕ್ಕ:
"ಹೋಗಿ ಸರ್, ಬೆಳಗ್ಗೆಯಿಂದ ಈ ಮಿಷನ್ನು ಸರಿಯಿಲ್ಲ."
ಆಮೇಲೆ ನನ್ನ ಹಿಂದಿದ್ದವನಿಗೆ:
"ಸರ್, ಒಂದು ನಿಮಿಷ."

ಎರಡೂ ಸಲ ಸರ್. ಒಂದೇ ತೂಕದ ಸರ್.

ಓಡೆಲ್‌ನ ಕೈ ಆಗಲೇ ಮುಂದಿತ್ತು, ಅದರ ತುದಿಗೆ ರಸೀದಿ.
ಹುಡುಗ ಸಾಲು ಸಾಲಿಗೂ ಬೆರಳಿಟ್ಟು ಓದಿದ,
ಬ್ರಷ್ಷಿನ ಕೂದಲನ್ನೂ ಬಿಡಿಸಿ ನೋಡಿದ.
ಓಡೆಲ್ ಚಾವಣಿಯ ದೀಪ ಎಣಿಸುತ್ತಾ ನಿಂತಿದ್ದ.
ನಾನು ಹೊರಗೆ, ಕೈಯಲ್ಲಿ ಡಬ್ಬಿಗಳು,
ತಡವಾಯಿತಲ್ಲ ಎಂದುಕೊಂಡೆ.
ಸುಳ್ಳು ಯಾಕೆ ಹೇಳಲಿ, ಎಂದುಕೊಂಡದ್ದು ಅಷ್ಟೇ.

ರಾತ್ರಿ ಕೋಟು ಕಳಚುವಾಗ
ತೊಡೆಗೆ ಏನೋ ತಣ್ಣಗೆ ತಾಗಿತು.

ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿ ನೋಡಿಕೊಂಡವನೇ ಕದ್ದವನಂತೆ.
ನನ್ನ ಹೆಗಲ ಮೇಲೆ ಇಡೀ ಕಾಯಿ ಇತ್ತು, ಬೂದಿ ಸಮೇತ.
ನಾನು ಮುಟ್ಟಿಕೊಳ್ಳಲಿಲ್ಲ.
ಕೂಗಿದ ಕಂಬವೇ ಸುಳ್ಳುಗಾರನಾಯಿತು.
ಏನೂ ಕದಿಯದವನು
ದಿನಾ ಹೆಗಲು ಒರೆಸಿ ತೋರಿಸುತ್ತಿದ್ದ.

ಮರುದಿನ ಬೀಗ ಒಯ್ದು ಹನ್ನೊಂದು ಡಾಲರ್ ಎಣಿಸಿದೆ.
ಗಲ್ಲಾದ ಹೆಂಗಸು ಎದೆಗೆ ಕೈ ಇಟ್ಟಳು:
"ನಿಮ್ಮಂಥವರು ಇನ್ನೂ ಇದ್ದಾರಲ್ಲ!"
ಮ್ಯಾನೇಜರನ್ನು ಕರೆದಳು. ಅವನು ಕೈ ಕುಲುಕಿದ,
ಮುಂದಿನ ಸಲಕ್ಕಿರಲಿ ಎಂದು ಹತ್ತು ಡಾಲರಿನ ಕೂಪನ್ ಕೊಟ್ಟ.
ಕದ್ದ ಬೀಗ ನನಗೆ ಒಂದು ಡಾಲರಿಗೆ ಬಿತ್ತು.

ಓಡೆಲ್‌ಗೆ ಹೇಳಿದೆ.
ಷೆಡ್ಡಿನ ಮುಂದೆ ಮಂಡಿಯೂರಿದ್ದ, ತಲೆ ಎತ್ತಲಿಲ್ಲ.
"ಗೊತ್ತು. ಜೇಬಿಗೆ ಹಾಕುವಾಗಲೇ ನೋಡಿದ್ದೆ.
ಗಲ್ಲಾದ ಹತ್ತಿರ ತೆಗೆಯುತ್ತೀಯ ಅಂದುಕೊಂಡೆ,
ಕಂಬ ಕೂಗಿದಾಗ ತಿಳಿಯಿತು."
"ಆಗಲಾದರೂ ಹೇಳಬಾರದಿತ್ತೇ?"
ತಿರುಪು ಇನ್ನೊಂದು ಸುತ್ತು.
"ಹೇಳಿದ್ದರೆ ನೀನು ಮರೆತವನು,
ನಾನು ನಿನ್ನ ಜೇಬಿಗೆ ಹಾಕಿದವನು.
ಆ ಸಣ್ಣ ತಿರುಪುಳಿ ಕೊಡು."

ಬೀಗಕ್ಕೆ ಎರಡು ಕೀಲಿ.
ಒಂದು ನಿನ್ನ ಹತ್ತಿರ ಇರಲಿ ಎಂದ.

ಎರಡು ವಾರ ನಾನೂ ರಸೀದಿ ಹಿಡಿದು ನಡೆದೆ,
ಬ್ರೆಡ್ಡಿನದು, ಬ್ಯಾಟರಿಯದು.
ಯಾರೂ ಕೇಳಲಿಲ್ಲ.
ಒಬ್ಬಳು ಮಾತ್ರ, ಪಾಪ, ಕಸದ ಬುಟ್ಟಿ ಆ ಕಡೆ ಇದೆ ಎಂದಳು.
ಮೂರನೇ ವಾರ ಮರೆತೇಬಿಟ್ಟೆ.

ಮೊನ್ನೆ ಒಗೆದ ಪ್ಯಾಂಟಿನ ಜೇಬಿನಲ್ಲಿ ಕಾಗದದ ಉಂಡೆ.
ಬಿಡಿಸಿದರೆ ಒಂದು ಅಕ್ಷರವೂ ಉಳಿದಿಲ್ಲ.
ಪಕ್ಕದಲ್ಲಿ ಅವನ ಕೀಲಿ,
ಸೋಪು ಹತ್ತಿ ಇನ್ನಷ್ಟು ಹೊಳೆಯುತ್ತಾ.